ಎಂಟಿಟಿಯೊಳಗ ಆಟೋವೈರ್ಡ್ ಹಾಕಿದ್ರ ನಲ್ ಯಾಕ ಬರ್ತದ? (ಸ್ಪ್ರಿಂಗ್ ಬೂಟ್ 3, ಹೈಬರ್ನೇಟ್ 6, ಪೋಸ್ಟ್‌ಗ್ರೆಸ್)

ಶಹಾಬಾದ್_ಕಲ್ಲು · ಕಲಬುರಗಿ

ತೊಗರಿ ಖರೀದಿ ಕೇಂದ್ರದ ಸಾಫ್ಟ್‌ವೇರ್ ಅದರೀ. ‘ಲಾಟ್’ ಅಂತ ಒಂದು ಎಂಟಿಟಿ (ಟೇಬಲ್‌ನ ಒಂದು ಸಾಲನ್ನ ತೋರ್ಸೋ ಕ್ಲಾಸ್). ರೈತರ ಐಡಿ, ಕ್ವಿಂಟಲ್ ಲೆಕ್ಕದಾಗ ತೂಕ, ತೇವಾಂಶ, ಖರೀದಿ ದಿನಾಂಕ, ಇಷ್ಟು ಕಾಲಂ. ಅದರೊಳಗ ‘ಮೊತ್ತ’ ಅನ್ನೋ ಮೆಥಡ್ ಅದ. ಅದು ‘ದರಸೇವೆ’ ಅನ್ನೋ ಸರ್ವಿಸ್‌ಗೆ ಇವತ್ತಿನ ದರ ಕೇಳಿ ತೂಕಕ್ಕ ಗುಣಿಸ್ತದ. ದರಸೇವೆ ಫೀಲ್ಡ್ ಮ್ಯಾಲ ಆಟೋವೈರ್ಡ್ (ಸ್ಪ್ರಿಂಗ್‌ನೇ ತಂದು ತುಂಬಲಿ ಅನ್ನೋ ಗುರುತು) ಅದ, ಟೇಬಲ್‌ಗೆ ಹೋಗಬಾರದು ಅಂತ ಟ್ರಾನ್ಸಿಯೆಂಟ್‌ನೂ ಅದ.

ಯುನಿಟ್ ಟೆಸ್ಟ್‌ನಾಗ ಸೆಟ್ಟರ್‌ನಿಂದ ಕೊಟ್ರ ಲೆಕ್ಕ ಬರೋಬ್ಬರಿ ಬರ್ತದ. ರೆಪಾಸಿಟರಿಯಿಂದ ಫೈಂಡ್‌ಬೈಐಡಿ ಮಾಡಿ ತಂದ ಲಾಟ್ ಮ್ಯಾಲ ಅದೇ ಮೆಥಡ್ ಕರದ್ರ ನಲ್ ಪಾಯಿಂಟರ್ ಎರರ್, ಅಂದ್ರ ದರಸೇವೆ ಖಾಲಿ. ಎಂಟಿಟಿ ಕ್ಲಾಸಿಗೇ ಕಾಂಪೊನೆಂಟ್ ಅಂತ ಬರದ್ರೂ ಫರಕ್ ಇಲ್ಲ. ಸರ್ವಿಸ್ ಕ್ಲಾಸ್‌ಗಳಾಗ ಇದೇ ಆಟೋವೈರ್ಡ್ ಬೇಷ್ ನಡೀತದ. ಇಲ್ಲಿ ಯಾಕ ಇಲ್ಲ?

ಬಿದ್ರಿ_ಬ್ಯಾಕೆಂಡ್ · ಬೀದರ್

ಆ ಲಾಟ್ ಆಬ್ಜೆಕ್ಟನ್ನು ಹುಟ್ಟಿಸಿದವರು ಯಾರು ಅಂತ ಮೊದಲು ನೋಡಿ. ಆಟೋವೈರ್ಡ್ ಗುರುತನ್ನು ಓದಿ ಕೆಲಸ ಮಾಡುವುದು ಸ್ಪ್ರಿಂಗ್ ಕಂಟೇನರ್, ಅದೂ ತಾನೇ ಕಟ್ಟಿದ ಆಬ್ಜೆಕ್ಟ್‌ಗಳಿಗೆ, ಅಂದರೆ ಬೀನ್‌ಗಳಿಗೆ, ಮಾತ್ರ. ಫೈಂಡ್‌ಬೈಐಡಿ ಕರೆದಾಗ ಹೈಬರ್ನೇಟ್ (ಟೇಬಲ್ ಸಾಲನ್ನು ಆಬ್ಜೆಕ್ಟ್ ಮಾಡುವ ಲೈಬ್ರರಿ) ಸೆಲೆಕ್ಟ್ ಓಡಿಸುತ್ತದೆ, ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರನ್ನು ರಿಫ್ಲೆಕ್ಷನ್ ಮೂಲಕ ಕರೆಯುತ್ತದೆ, ಬಂದ ಸಾಲಿನ ಕಾಲಂಗಳನ್ನು ಫೀಲ್ಡ್‌ಗಳಿಗೆ ತುಂಬುತ್ತದೆ, ಐಡಿ ಹಿಡಿದು ಸೆಷನ್‌ನಲ್ಲಿ (ತಾನು ನೋಡಿಕೊಳ್ಳುತ್ತಿರುವ ಎಂಟಿಟಿಗಳ ಪಟ್ಟಿಯಲ್ಲಿ) ನೋಂದಾಯಿಸಿಕೊಂಡು ನಿಮ್ಮ ಕೈಗೆ ಕೊಡುತ್ತದೆ. ಈ ದಾರಿಯಲ್ಲಿ ಸ್ಪ್ರಿಂಗ್ ಎಲ್ಲೂ ಎದುರಾಗುವುದಿಲ್ಲ. ಹೈಬರ್ನೇಟ್ ಪಾಲಿಸುವ ಜೆಪಿಎ ನಿಯಮಾವಳಿ ಪ್ರಕಾರ ಪ್ರತಿ ಎಂಟಿಟಿಗೂ ಪಬ್ಲಿಕ್ ಅಥವಾ ಪ್ರೊಟೆಕ್ಟೆಡ್ ಆದ ಖಾಲಿ ಕನ್‌ಸ್ಟ್ರಕ್ಟರ್ ಇರಲೇಬೇಕು. ಹಾಗಾಗಿ ಸೇವೆಯನ್ನು ಕನ್‌ಸ್ಟ್ರಕ್ಟರ್ ಮೂಲಕ ಪಡೆಯುವ ಕನ್‌ಸ್ಟ್ರಕ್ಟರ್ ಇಂಜೆಕ್ಷನ್ ಅನ್ನೋ ಬಾಗಿಲೂ ಇಲ್ಲಿ ಮುಚ್ಚಿದೆ.

ಕಾಂಪೊನೆಂಟ್ ಅಂತ ಬರೆದರೆ ಆಗುವುದು ಇನ್ನೂ ಕೆಟ್ಟದ್ದು. ಆ್ಯಪ್ ಏಳುವಾಗ ಸ್ಪ್ರಿಂಗ್ ತನ್ನದೇ ಒಂದು ಲಾಟ್ ಬೀನ್ ಮಾಡಿಟ್ಟುಕೊಳ್ಳುತ್ತದೆ, ಅದಕ್ಕೆ ದರಸೇವೆಯೂ ಸಿಗುತ್ತದೆ. ಆದರೆ ಅದಕ್ಕೂ ಟೇಬಲ್‌ನ ಯಾವ ಸಾಲಿಗೂ ಸಂಬಂಧವಿಲ್ಲ. ಯಾರಾದರೂ ಆ ಬೀನನ್ನೇ ಇಂಜೆಕ್ಟ್ ಮಾಡಿಕೊಂಡರೆ ಎಲ್ಲ ಬಳಕೆದಾರರೂ ಒಂದೇ ಲಾಟ್ ಆಬ್ಜೆಕ್ಟ್ ಮೇಲೆ ಬರೆಯತೊಡಗುತ್ತಾರೆ. ಆ ಗುರುತನ್ನು ಈಗಲೇ ತೆಗೆಯಿರಿ.

ಪರಿಹಾರ ಸರಳ: ಫೀಲ್ಡ್ ತೆಗೆದು, ಬೇಕಾದ್ದನ್ನು ಮೆಥಡ್‌ಗೆ ಆರ್ಗ್ಯುಮೆಂಟ್ ಆಗಿ ಕೊಡಿ. ಖರೀದಿ ಸರ್ವಿಸ್ ಎರಡನ್ನೂ ಬಲ್ಲದು. ಅದು ರೆಪಾಸಿಟರಿಯಿಂದ ಲಾಟ್ ತರಲಿ, ದರಸೇವೆಯಿಂದ ದರ ತರಲಿ, ‘ಲಾಟ್.ಮೊತ್ತ(ದರ)’ ಅಂತ ಕರೆಯಲಿ. ಇಡೀ ಸೇವೆಯನ್ನು ಕೊಡುವುದಕ್ಕಿಂತ ಬಿಗ್‌ಡೆಸಿಮಲ್‌ನಲ್ಲಿ ದರವನ್ನಷ್ಟೇ ಕೊಡುವುದು ಮೇಲು, ಟೆಸ್ಟ್‌ಗೆ ಮಾಕ್ ಕೂಡ ಬೇಕಾಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನಿಮ್ಮ ಡಿಸೈನ್‌ನಲ್ಲೇ ಇದೆ. ಕಂಟೇನರ್ ಕೊಡುವ ಸೇವೆಗೆ ಗೊತ್ತಿರುವುದು ಇವತ್ತಿನ ದರ. ಡೇಟಾಬೇಸ್‌ನಿಂದ ಬರುವ ಲಾಟ್ ಹೋದ ಹಂಗಾಮಿನದ್ದೂ ಇರಬಹುದು. ತೊಗರಿಯ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಲ್‌ಗೆ 7,550 ರೂಪಾಯಿ, 2025-26ಕ್ಕೆ 8,000. ಇಂಜೆಕ್ಷನ್ ಹೇಗೋ ಕೆಲಸ ಮಾಡಿತು ಅಂತಲೇ ಇಟ್ಟುಕೊಳ್ಳಿ. 2024-25ರ 18 ಕ್ವಿಂಟಲ್‌ನ ಲಾಟನ್ನು 2025-26ರಲ್ಲಿ ತೆರೆದರೆ 1,35,900 ಇದ್ದದ್ದು 1,44,000 ಅಂತ ತೋರುತ್ತದೆ. ಎರರ್ ಇಲ್ಲ, ಲಾಗ್ ಇಲ್ಲ, ರೈತರ ಲೆಕ್ಕ ಮಾತ್ರ ತಪ್ಪು. ಖರೀದಿಯ ಕ್ಷಣದ ದರ ಲಾಟ್‌ನದೇ ಕಾಲಂ ಆಗಬೇಕು, ಬರೆದ ಮೇಲೆ ಬದಲಾಗಬಾರದು. ಆ ಕಾಲಂಗೆ ಅಪ್‌ಡೇಟೆಬಲ್ ಫಾಲ್ಸ್ ಹಾಕಿದರೆ ಹೈಬರ್ನೇಟ್ ಅದನ್ನು ಅಪ್‌ಡೇಟ್ ವಾಕ್ಯದಲ್ಲಿ ಸೇರಿಸುವುದೇ ಇಲ್ಲ.

ಆಳಂದ_ಆಸ್ಪೆಕ್ಟ್ · ಕಲಬುರಗಿ

ಅಕ್ಕಾ, ದರದ ಮಾತು ಒಪ್ಪಿದೆ. ಆದ್ರ ಬಾಗಿಲು ಮುಚ್ಚ್ಯದ ಅನ್ನೋದು ಪೂರ್ತಿ ಖರೇ ಅಲ್ಲ. ಕಾನ್ಫಿಗರಬಲ್ ಅಂತ ಅನೊಟೇಶನ್ ಸ್ಪ್ರಿಂಗ್‌ನಾಗೇ ಅದ, ಇದೇ ಕೆಲಸಕ್ಕಂತ ಮಾಡ್ಯಾರ. ಸ್ಪ್ರಿಂಗ್ ಆಸ್ಪೆಕ್ಟ್ಸ್ ಡಿಪೆಂಡೆನ್ಸಿ ಹಾಕಬೇಕು, ಕಾನ್ಫಿಗ್ ಕ್ಲಾಸಿಗೆ ಎನೇಬಲ್ ಸ್ಪ್ರಿಂಗ್ ಕಾನ್ಫಿಗರ್ಡ್ ಹಚ್ಚಬೇಕು, ಆಮ್ಯಾಲ ವೀವಿಂಗ್ (ಕ್ಲಾಸಿನ ಬೈಟ್‌ಕೋಡ್ ಒಳಗ ಹೊಸ ಕೋಡ್ ಹೆಣೆಯೋದು). ಲೋಡ್ ಟೈಮ್ ಬೇಕಂದ್ರ ಎನೇಬಲ್ ಲೋಡ್ ಟೈಮ್ ವೀವಿಂಗ್ ಹಾಕಿ, ಜಾವಾ ಏಜೆಂಟ್ ಆಗಿ ಸ್ಪ್ರಿಂಗ್ ಇನ್‌ಸ್ಟ್ರುಮೆಂಟ್ ಜಾರ್ ಕೊಟ್ಟು ಆ್ಯಪ್ ಚಾಲೂ ಮಾಡಬೇಕು. ಕಂಪೈಲ್ ಟೈಮ್ ಬೇಕಂದ್ರ ಬಿಲ್ಡ್‌ನಾಗ ಆಸ್ಪೆಕ್ಟ್‌ಜೆ ಪ್ಲಗಿನ್. ಆಮ್ಯಾಲ ನ್ಯೂ ಅಂತ ಬರದ್ರೂ, ಹೈಬರ್ನೇಟ್ ರಿಫ್ಲೆಕ್ಷನ್‌ನಿಂದ ಕಟ್ಟಿದ್ರೂ, ಕನ್‌ಸ್ಟ್ರಕ್ಟರ್ ಮುಗಿದ ಕೂಡ್ಲೆ ಇಂಜೆಕ್ಷನ್ ಆಗ್ತದ.

ಎಲ್ಲಾ ಲಾಜಿಕ್ ತಗೊಂಡು ಹೋಗಿ ಸರ್ವಿಸ್‌ಗೆ ಸುರದ್ರ ಎಂಟಿಟಿ ಬರೇ ಗೆಟ್ಟರ್-ಸೆಟ್ಟರ್ ಗಂಟು ಆಗಿ ಉಳೀತದ. ಅದೂ ಒಳ್ಳೇದಲ್ಲ.

ಬಿದ್ರಿ_ಬ್ಯಾಕೆಂಡ್ · ಬೀದರ್

ಕೆಲಸ ಮಾಡುತ್ತದೆ, ನಿಜ. ಆದರೆ ಅದು ಕೆಲಸ ಮಾಡದೇ ಹೋದಾಗ ಹೇಗಿರುತ್ತದೆ ಅಂತ ನೋಡಿ. ಸರ್ವರ್ ಬದಲಾಯಿಸಿದಾಗ ಜಾವಾ ಏಜೆಂಟ್ ಆಯ್ಕೆ ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಬಿಟ್ಟುಹೋದರೆ ಆ್ಯಪ್ ಏಳುವುದೇ ಇಲ್ಲ. ಏಜೆಂಟ್ ಇದ್ದರೂ ವೀವಿಂಗ್ ಶುರುವಾಗುವ ಮೊದಲೇ ಲಾಟ್ ಕ್ಲಾಸ್ ಲೋಡ್ ಆಗಿಬಿಟ್ಟರೆ, ಮೊದಲ ಲಾಟ್ ತೆರೆದಾಗ ಮತ್ತೆ ಅದೇ ನಲ್ ಪಾಯಿಂಟರ್. ಕಂಪೈಲ್ ಟೈಮ್ ವೀವಿಂಗ್‌ಗೆ ಹೋದರೆ ಗೆಟ್ಟರ್-ಸೆಟ್ಟರ್ ತಾನೇ ಬರೆದುಕೊಡುವ ಲೊಂಬೊಕ್ ಜೊತೆ ಜಗಳ. ಮೊದಲು ಜಾವಾಸಿ ಕಂಪೈಲ್ ಮಾಡಿ, ಆಮೇಲೆ ಕ್ಲಾಸ್ ಫೈಲ್‌ಗಳ ಮೇಲೆ ವೀವ್ ಮಾಡುವ ಹಾಗೆ ಬಿಲ್ಡನ್ನು ಎರಡು ಹಂತಕ್ಕೆ ಒಡೆಯಬೇಕು.

ಇನ್ನೆರಡು ಪೆಟ್ಟು. ವರದಿಗಾಗಿ 50,000 ಲಾಟ್ ಲೋಡ್ ಮಾಡಿದರೆ 50,000 ಸಲ ಇಂಜೆಕ್ಷನ್ ನಡೆಯುತ್ತದೆ, ಅವುಗಳಲ್ಲಿ ಒಂದಕ್ಕೂ ‘ಮೊತ್ತ’ ಕರೆಯದಿದ್ದರೂ. ಮತ್ತೆ, ಎಂಟಿಟಿಯನ್ನು ಎಚ್‌ಟಿಟಿಪಿ ಸೆಷನ್‌ಗೋ ರೆಡಿಸ್ ಕ್ಯಾಶ್‌ಗೋ ಜಾವಾ ಸೀರಿಯಲೈಸೇಶನ್ ಮೂಲಕ ಹಾಕಿದರೆ ಅದರ ಬೆನ್ನಿಗೆ ಸರ್ವಿಸೂ ಹೊರಡುತ್ತದೆ, ನಾಟ್ ಸೀರಿಯಲೈಸಬಲ್ ಎಕ್ಸೆಪ್ಶನ್ ಬರುತ್ತದೆ. ಅದಕ್ಕೆ ಜೆಪಿಎ ಟ್ರಾನ್ಸಿಯೆಂಟ್ ಅನೊಟೇಶನ್ ಸಾಲದು, ಜಾವಾ ಭಾಷೆಯ ಟ್ರಾನ್ಸಿಯೆಂಟ್ ಕೀವರ್ಡೂ ಬೇಕು.

ಲಾಜಿಕ್ ಎಂಟಿಟಿಯಲ್ಲೇ ಇರಲಿ, ನನ್ನದೂ ಅದೇ ಮಾತು. ತೂಕ, ತೇವಾಂಶದ ಕಡಿತ, ಸ್ಥಿತಿ ಬದಲಾವಣೆ ಎಲ್ಲವೂ ಲಾಟ್ ಒಳಗೇ ಇರಬೇಕು. ಹೊರಗಿನಿಂದ ಬರಬೇಕಾದ್ದು ಆರ್ಗ್ಯುಮೆಂಟ್ ಆಗಿ ಬರಲಿ ಅನ್ನುವುದಷ್ಟೇ ನನ್ನ ಹಟ. ಸೆಷನ್ ಸಾಕಿದ ಆಬ್ಜೆಕ್ಟನ್ನು ಕಂಟೇನರೂ ಸಾಕಲು ಹೋದರೆ ಅದರ ಆಯುಷ್ಯ ಯಾರ ಕೈಯಲ್ಲಿದೆ ಅಂತ ಕೋಡ್ ಓದಿದವರಿಗೆ ತಿಳಿಯುವುದಿಲ್ಲ.

ಶಹಾಬಾದ್_ಕಲ್ಲು · ಕಲಬುರಗಿ

ಫೀಲ್ಡ್ ತಗದೆ, ಆರ್ಗ್ಯುಮೆಂಟ್ ಮಾಡೀನಿ, ನಡೀಲಿಕತ್ತದ. ಇನ್ನೊಂದು ಕೇಳ್ತೀನಿ. ರೈತರ ಬ್ಯಾಂಕ್ ಖಾತೆ ನಂಬರ್ ಎನ್‌ಕ್ರಿಪ್ಟ್ ಮಾಡಿ ಇಡಬೇಕು. ಆಟ್ರಿಬ್ಯೂಟ್ ಕನ್ವರ್ಟರ್ (ಫೀಲ್ಡ್ ಮೌಲ್ಯ ಕಾಲಂಗೆ ಹೋಗುವಾಗ, ಬರುವಾಗ ಬದಲಿಸೋ ಕ್ಲಾಸ್) ಬರೀಬೇಕಂತ ಅದ, ಅದಕ್ಕ ಕೀ ಕೊಡೋ ಸರ್ವಿಸ್ ಬೇಕಾಗ್ತದ. ಕನ್ವರ್ಟರ್‌ನ್ನೂ ಹೈಬರ್ನೇಟ್‌ನೇ ಕಟ್ಟೋದು ಅಲ್ಲರೀ? ಅಲ್ಲೂ ನಲ್ ಬರ್ತದೇನು?

ಬಿದ್ರಿ_ಬ್ಯಾಕೆಂಡ್ · ಬೀದರ್

ಅಲ್ಲಿ ಬರುವುದಿಲ್ಲ. ಹೈಬರ್ನೇಟ್ 5.3 ಮತ್ತು ಸ್ಪ್ರಿಂಗ್ 5.1ರಿಂದ ಸ್ಪ್ರಿಂಗ್ ಬೀನ್ ಕಂಟೇನರ್ ಅನ್ನುವ ಸೇತುವೆ ಇದೆ. ಕನ್ವರ್ಟರ್ ಮತ್ತು ಎಂಟಿಟಿ ಲಿಸನರ್‌ಗಳನ್ನು (ಎಂಟಿಟಿ ಉಳಿಸುವಾಗ, ತಿದ್ದುವಾಗ ಕರೆಯುವ ಕ್ಲಾಸ್‌ಗಳು) ಹೈಬರ್ನೇಟ್ ಅದರ ಮೂಲಕ ಸ್ಪ್ರಿಂಗ್‌ನಿಂದಲೇ ಕೇಳಿ ಪಡೆಯುತ್ತದೆ. ಸ್ಪ್ರಿಂಗ್ ಬೂಟ್ 2.1ರಿಂದ ಇದು ತಾನಾಗಿಯೇ ಜೋಡಣೆಯಾಗಿರುತ್ತದೆ. ಇವು ಸಾಲಿಗೊಂದು ಹುಟ್ಟುವ ಆಬ್ಜೆಕ್ಟ್‌ಗಳಲ್ಲ, ಆದ್ದರಿಂದ ಕನ್‌ಸ್ಟ್ರಕ್ಟರ್ ಇಂಜೆಕ್ಷನ್ ಧೈರ್ಯವಾಗಿ ಮಾಡಿ.

ಎರಡು ಡೇಟಾಬೇಸ್ ಇದ್ದು ಸೆಷನ್‌ಗಳನ್ನು ಹುಟ್ಟಿಸುವ ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿಯನ್ನು ನೀವೇ ಕೈಯಾರೆ ಕಟ್ಟುತ್ತಿದ್ದರೆ ಬೂಟ್‌ನ ಜೋಡಣೆ ತಪ್ಪಿಹೋಗುತ್ತದೆ. ಆಗ ‘ಹೈಬರ್ನೇಟ್.ರಿಸೋರ್ಸ್.ಬೀನ್ಸ್.ಕಂಟೇನರ್’ ಪ್ರಾಪರ್ಟಿಗೆ ಸ್ಪ್ರಿಂಗ್ ಬೀನ್ ಕಂಟೇನರಿನ ಆಬ್ಜೆಕ್ಟನ್ನು ನೀವೇ ಕೊಡಬೇಕು. ಒಂದು ಡೇಟಾಬೇಸ್ ಇದ್ದಾಗ ನಡೆಯುತ್ತಿದ್ದ ಕನ್ವರ್ಟರ್ ಎರಡನೆಯದು ಸೇರಿಸಿದ ಕೂಡಲೇ ಕೆಡುವುದು ಇದರಿಂದಲೇ.

ಲಿಸನರ್‌ಗೆ ರೆಪಾಸಿಟರಿ ಇಂಜೆಕ್ಟ್ ಮಾಡಬೇಡಿ. ರೆಪಾಸಿಟರಿಗೆ ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿ ಬೇಕು, ಫ್ಯಾಕ್ಟರಿ ಏಳುವಾಗ ಲಿಸನರ್ ಬೇಕು, ಲಿಸನರ್‌ಗೆ ರೆಪಾಸಿಟರಿ ಬೇಕು. ಸುತ್ತು ಹಾಕಿಕೊಳ್ಳುತ್ತದೆ. ಲೇಜಿ ಅಥವಾ ಆಬ್ಜೆಕ್ಟ್ ಪ್ರೊವೈಡರ್ ಹಾಕಿ ಸುತ್ತು ಬಿಡಿಸಬಹುದು, ಆದರೆ ಪ್ರಿ ಪರ್ಸಿಸ್ಟ್‌ನಂಥ ಕಾಲ್‌ಬ್ಯಾಕ್ ಒಳಗಿಂದ ಎಂಟಿಟಿ ಮ್ಯಾನೇಜರನ್ನು ಕರೆಯಬಾರದು, ಕ್ವೆರಿ ಓಡಿಸಬಾರದು ಅಂತ ಜೆಪಿಎ ನಿಯಮವೇ ಹೇಳುತ್ತದೆ. ಫ್ಲಶ್ (ಬದಲಾವಣೆಗಳನ್ನು ಡೇಟಾಬೇಸ್‌ಗೆ ಕಳಿಸುವ ಹಂತ) ನಡುವೆ ಇನ್ನೊಂದು ಫ್ಲಶ್ ಎಬ್ಬಿಸಿದಂತಾಗುತ್ತದೆ.

ಎನ್‌ಕ್ರಿಪ್ಶನ್ ಬಗ್ಗೆ ಒಂದು ಮಾತು. ಎಇಎಸ್-ಜಿಸಿಎಂ ಬಳಸಿ ಪ್ರತಿ ಸಲ ಹೊಸ ಐವಿ (ಎನ್‌ಕ್ರಿಪ್ಶನ್ ಶುರುವಿನ ಮೌಲ್ಯ) ಹಾಕುವುದೇ ಸರಿ. ಆದರೆ ಆಗ ‘ಖಾತೆ ನಂಬರ್ ಇಂಥದ್ದು’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಹುಡುಕುವ ಮೌಲ್ಯವನ್ನೂ ಹೈಬರ್ನೇಟ್ ಅದೇ ಕನ್ವರ್ಟರ್ ಮೂಲಕ ಕಳಿಸುತ್ತದೆ, ಪ್ರತಿ ಸಲವೂ ಬೇರೆ ಸೈಫರ್ ಬರುತ್ತದೆ. ಪಕ್ಕದಲ್ಲಿ ಎಚ್‌ಮ್ಯಾಕ್ (ಕೀ ಹಾಕಿ ಮಾಡಿದ ಹ್ಯಾಶ್, ಒಂದೇ ಮೌಲ್ಯಕ್ಕೆ ಯಾವಾಗಲೂ ಒಂದೇ ಬರುತ್ತದೆ) ಇಡುವ ಇನ್ನೊಂದು ಕಾಲಂ ಮಾಡಿ, ಅದಕ್ಕೆ ಇಂಡೆಕ್ಸ್ ಹಾಕಿ, ಹುಡುಕಾಟ ಅದರ ಮೇಲೆ ನಡೆಸಿ. ಎಚ್‌ಮ್ಯಾಕ್‌ಗೆ ಬೇರೆಯೇ ಕೀ ಇರಲಿ.

ಸುರಪುರ_ಡಾಟ್‌ನೆಟ್ · ಯಾದಗಿರಿ

ಡಾಟ್‌ನೆಟ್ ಕಡೆ ಇದೇ ಜಗಳ ಬೇರೆ ರೂಪದಲ್ಲಿ ಬರುತ್ತದೆ, ಅದನ್ನೂ ಇಲ್ಲಿ ಹಾಕಿಡುತ್ತೇನೆ.

ಅಲ್ಲಿ ಹೈಬರ್ನೇಟ್ ಜಾಗದಲ್ಲಿರುವುದು ಇಎಫ್ ಕೋರ್. ಅದರ 2.1ರಿಂದ ಎಂಟಿಟಿಗೆ ಆರ್ಗ್ಯುಮೆಂಟ್ ಇರುವ ಕನ್‌ಸ್ಟ್ರಕ್ಟರ್ ನಡೆಯುತ್ತದೆ. ಅದನ್ನು ನೋಡಿ ನಮ್ಮ ಸರ್ವಿಸೂ ಬರುತ್ತದೆ ಅಂದುಕೊಳ್ಳುವವರು ಬಹಳ. ಬರುವುದು ಮ್ಯಾಪ್ ಆದ ಪ್ರಾಪರ್ಟಿಗಳ ಮೌಲ್ಯ, ಡಿಬಿಕಾಂಟೆಕ್ಸ್ಟ್ (ನಿಮ್ಮ ಸೆಷನ್ ಇದ್ದಂತೆ), ಲೇಜಿ ಲೋಡರ್ ತರಹದ ಇಎಫ್‌ನದೇ ಕೆಲವು ಸೇವೆ, ಅಷ್ಟೇ. ಎಂಟಿಟಿ ಕಟ್ಟುವ ಹೊತ್ತಿಗೆ ಕೈ ಹಾಕಲೇಬೇಕು ಅಂದರೆ ಇಎಫ್ ಕೋರ್ 7ರಲ್ಲಿ ಬಂದ ಮೆಟೀರಿಯಲೈಸೇಶನ್ ಇಂಟರ್‌ಸೆಪ್ಟರ್ ಇದೆ. ಅದನ್ನು ಬಳಸುವ ಮೊದಲು ಬಿದ್ರಿ ಅಕ್ಕ ಮೇಲೆ ಹೇಳಿದ್ದನ್ನು ಓದಿ.

ನಿಜವಾದ ತಲೆನೋವು ಆಯುಷ್ಯದ್ದು. ಆ್ಯಡ್‌ಡಿಬಿಕಾಂಟೆಕ್ಸ್ಟ್ ಕರೆದರೆ ಕಾಂಟೆಕ್ಸ್ಟ್ ಸ್ಕೋಪ್ಡ್ ಆಗಿ ನೋಂದಣಿಯಾಗುತ್ತದೆ, ಅಂದರೆ ವೆಬ್ ರಿಕ್ವೆಸ್ಟ್‌ಗೊಂದು. ಬ್ಯಾಕ್‌ಗ್ರೌಂಡ್ ಸರ್ವಿಸ್ ಸಿಂಗಲ್‌ಟನ್, ಅಂದರೆ ಇಡೀ ಆ್ಯಪ್‌ಗೆ ಒಂದೇ. ತೂಕದ ಕಾಟಾದಿಂದ ಸಾಲಾಗಿ ಬರುವ ರೀಡಿಂಗ್‌ಗಳನ್ನು ಉಳಿಸುವ ಬ್ಯಾಕ್‌ಗ್ರೌಂಡ್ ಸರ್ವಿಸ್‌ಗೆ, ಅಥವಾ ಅದು ಬಳಸುವ ಸಿಂಗಲ್‌ಟನ್‌ಗೆ, ಕನ್‌ಸ್ಟ್ರಕ್ಟರ್‌ನಲ್ಲೇ ಕಾಂಟೆಕ್ಸ್ಟ್ ಕೊಟ್ಟರೆ ಅದು ಆ್ಯಪ್ ಇರುವ ತನಕ ಸಾಯುವುದಿಲ್ಲ. ಚೇಂಜ್ ಟ್ರ್ಯಾಕರ್ ಪ್ರತಿ ರೀಡಿಂಗನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೆಮೊರಿ ಏರುತ್ತದೆ, ಸೇವ್‌ಚೇಂಜಸ್ ದಿನೇ ದಿನೇ ನಿಧಾನವಾಗುತ್ತದೆ. ಬೇರೆ ಕಡೆಯಿಂದ ತಿದ್ದಿದ ಸಾಲನ್ನು ಮತ್ತೆ ಕ್ವೆರಿ ಮಾಡಿದರೂ ಹಳೇ ಮೌಲ್ಯವೇ ಕಾಣುತ್ತದೆ. ಎರಡು ಥ್ರೆಡ್ ಒಟ್ಟಿಗೆ ಮುಟ್ಟಿದರೆ ‘ಹಿಂದಿನ ಕೆಲಸ ಮುಗಿಯುವ ಮೊದಲೇ ಎರಡನೆಯದು ಶುರುವಾಗಿದೆ’ ಅನ್ನುವ ಎಕ್ಸೆಪ್ಶನ್, ಏಕೆಂದರೆ ಡಿಬಿಕಾಂಟೆಕ್ಸ್ಟ್ ಥ್ರೆಡ್ ಸೇಫ್ ಅಲ್ಲ.

ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್‌ನಲ್ಲಿ ಸ್ಕೋಪ್ ತಪಾಸಣೆ ಚಾಲೂ ಇರುವುದರಿಂದ ಆ್ಯಪ್ ಅಲ್ಲೇ ನಿಲ್ಲುತ್ತದೆ. ಪ್ರೊಡಕ್ಷನ್‌ನಲ್ಲಿ ಅದು ಡೀಫಾಲ್ಟ್ ಆಗಿ ಬಂದ್. ವ್ಯಾಲಿಡೇಟ್ ಸ್ಕೋಪ್ಸ್, ವ್ಯಾಲಿಡೇಟ್ ಆನ್ ಬಿಲ್ಡ್ ಎರಡನ್ನೂ ಎಲ್ಲ ಕಡೆ ಟ್ರೂ ಮಾಡಿ. ಸರ್ವಿಸ್ ಒಳಗೆ ಸರ್ವಿಸ್ ಸ್ಕೋಪ್ ಫ್ಯಾಕ್ಟರಿ ಇಂಜೆಕ್ಟ್ ಮಾಡಿಕೊಂಡು ರೀಡಿಂಗ್‌ಗೊಂದು ಸ್ಕೋಪ್ ತೆರೆದು ಮುಚ್ಚಿ. ಕಾಂಟೆಕ್ಸ್ಟ್ ಒಂದೇ ಸಾಕು ಅಂದರೆ ಇಎಫ್ ಕೋರ್ 5ರಿಂದ ಇರುವ ಡಿಬಿಕಾಂಟೆಕ್ಸ್ಟ್ ಫ್ಯಾಕ್ಟರಿ ಇನ್ನೂ ಸರಳ.

ಕಾಂಟೆಕ್ಸ್ಟ್ ಪೂಲಿಂಗ್ ಬಳಸುವವರು ‘ಈಗ ಲಾಗಿನ್ ಆದವರು’ ತರಹದ ಸ್ಕೋಪ್ಡ್ ಸೇವೆಯನ್ನು ಕಾಂಟೆಕ್ಸ್ಟ್‌ನ ಕನ್‌ಸ್ಟ್ರಕ್ಟರ್‌ಗೆ ಕೊಡಬಾರದು. ಅದೇ ಕಾಂಟೆಕ್ಸ್ಟ್ ಮುಂದಿನ ರಿಕ್ವೆಸ್ಟ್‌ಗೂ ಹೋಗುತ್ತದೆ.

ಶಹಾಬಾದ್_ಕಲ್ಲು · ಕಲಬುರಗಿ

ನಮ್ಮ ಸ್ಪ್ರಿಂಗ್ ಸರ್ವಿಸ್‌ಗಳು ಎಲ್ಲಾ ಸಿಂಗಲ್‌ಟನ್‌ನೇ ಅವ. ಅದರಾಗ ಎಂಟಿಟಿ ಮ್ಯಾನೇಜರ್ ಕುಂತದ. ಹಂಗಂದ್ರ ನಮಗೂ ಇದೇ ಕಥಿ ಏನು?

ಬಿದ್ರಿ_ಬ್ಯಾಕೆಂಡ್ · ಬೀದರ್

ಇಲ್ಲ, ನಿಮ್ಮ ಫೀಲ್ಡ್‌ನಲ್ಲಿ ಕೂತಿರುವುದು ಒಂದು ಪ್ರಾಕ್ಸಿ. ಪ್ರತಿ ಕರೆಯಲ್ಲೂ ಅದು ಈಗಿನ ಟ್ರಾನ್ಸಾಕ್ಷನ್‌ಗೆ ಕಟ್ಟಿದ ನಿಜವಾದ ಎಂಟಿಟಿ ಮ್ಯಾನೇಜರನ್ನು ಹುಡುಕಿ ಅದಕ್ಕೆ ದಾಟಿಸುತ್ತದೆ. ಕೆಡುವುದು ಯಾವಾಗ ಅಂದರೆ, ಫ್ಯಾಕ್ಟರಿಯಿಂದ ನೀವೇ ಕ್ರಿಯೇಟ್ ಮಾಡಿಕೊಂಡು ಮುಚ್ಚದೆ ಬಿಟ್ಟಾಗ. ಅಥವಾ ಸಿಂಗಲ್‌ಟನ್‌ನ ಮ್ಯಾಪ್ ಒಂದರಲ್ಲಿ ಎಂಟಿಟಿಗಳನ್ನು ಕ್ಯಾಶ್ ಮಾಡಿಟ್ಟಾಗ: ಸೆಷನ್ ಮುಚ್ಚಿದ ಮೇಲೆ ಅವು ಡಿಟ್ಯಾಚ್ ಆಗಿರುತ್ತವೆ, ಲೇಜಿ ಕಲೆಕ್ಷನ್ ಮುಟ್ಟಿದರೆ ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಶನ್. ಅಸಿಂಕ್ ಮೆಥಡ್‌ಗೂ ಇದೇ ಕಾಯ್ದೆ, ಥ್ರೆಡ್ ಬೇರೆ ಅಂದರೆ ಟ್ರಾನ್ಸಾಕ್ಷನ್ ಬೇರೆ. ಎಂಟಿಟಿ ಕಳಿಸಬೇಡಿ, ಐಡಿ ಕಳಿಸಿ.

ಶಹಾಬಾದ್_ಕಲ್ಲು · ಕಲಬುರಗಿ

ಇದು ಕೊನೇದು. ಲಾಟ್ ಉಳಿಸುವಾಗ ಆಡಿಟ್ ಬರೀತೀವಿ. ಲಾಟ್ ರೋಲ್‌ಬ್ಯಾಕ್ ಆದ್ರೂ ಆಡಿಟ್ ಉಳೀಬೇಕಂತ ರಿಕ್ವೈರ್ಸ್ ನ್ಯೂ (ಬ್ಯಾರೆ ಹೊಸ ಟ್ರಾನ್ಸಾಕ್ಷನ್ ತೆರೆ ಅನ್ನೋ ಸೆಟ್ಟಿಂಗ್) ಹಾಕ್ಯದ. ಅದೇ ಸರ್ವಿಸ್‌ನಾಗ ಇದ್ದಾಗ ಲಾಟ್ ಜೋಡಿ ಆಡಿಟ್‌ನೂ ಹೋಗ್ತಿತ್ತು. ಬ್ಯಾರೆ ಬೀನ್‌ಗೆ ಸರಿಸಿದ್ರ ಆಡಿಟ್ ಉಳೀತದ, ಆದ್ರ ಮುಂಜಾನಿ ಕೇಂದ್ರಗಳೆಲ್ಲಾ ಒಮ್ಮೆಲೇ ಚಾಲೂ ಆದಾಗ ‘ಕನೆಕ್ಷನ್ ಲಭ್ಯವಿಲ್ಲ, 30000 ಮಿಲಿಸೆಕೆಂಡ್’ ಅಂತ ಕನೆಕ್ಷನ್ ಪೂಲ್ ನೋಡ್ಕೊಳ್ಳೋ ಹಿಕಾರಿ ಕೈ ಚೆಲ್ತದ. ಸಿಪಿಯು ಖಾಲಿ, ಡೇಟಾಬೇಸ್‌ನೂ ಖಾಲಿ.

ಭೀಮಾ_ದಂಡೆ · ಯಾದಗಿರಿ

ಮೊದಲನೇದಕ್ಕ ಕಾರಣ ಪ್ರಾಕ್ಸಿ. ಟ್ರಾನ್ಸಾಕ್ಷನಲ್ ಕೆಲಸ ಮಾಡೋದು ಹೊರಗಿಂದ ಪ್ರಾಕ್ಸಿ ಮೂಲಕ ಬಂದ ಕರೆಗೆ. ಅದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನ ಕರೆದ್ರ ಪ್ರಾಕ್ಸಿ ದಾರಿಯಾಗ ಇರಲ್ಲ, ಅನೊಟೇಶನ್ ಬರೇ ಅಲಂಕಾರ. ಪ್ರೈವೇಟ್ ಮೆಥಡ್‌ಗೂ ಹಂಗೇ. ಬ್ಯಾರೆ ಬೀನ್‌ಗೆ ಸರಿಸಿದ್ದು ಸರಿ ಅದ. ಇದೇ ಹೊತ್ತಿಗೆ ಇನ್ನೊಂದು ನೋಡಿಕೊಳ್ಳಿ: ಸ್ಪ್ರಿಂಗ್ ತಾನಾಗಿ ರೋಲ್‌ಬ್ಯಾಕ್ ಮಾಡೋದು ರನ್‌ಟೈಮ್ ಎಕ್ಸೆಪ್ಶನ್ ಮತ್ತು ಎರರ್‌ಗೆ. ಚೆಕ್ಡ್ ಎಕ್ಸೆಪ್ಶನ್ ಎಸೆದ್ರ ಕಮಿಟ್ ಆಗಿಬಿಡ್ತದ, ರೋಲ್‌ಬ್ಯಾಕ್‌ಫಾರ್ ಬರೀಬೇಕು.

ಎರಡನೇದು ಪೂಲ್ ಡೆಡ್‌ಲಾಕ್. ರಿಕ್ವೈರ್ಸ್ ನ್ಯೂ ಹೊರಗಿನ ಟ್ರಾನ್ಸಾಕ್ಷನ್‌ನ್ನ ತಡೆಹಿಡಿದು ನಿಲ್ಲಸ್ತದ, ಆದ್ರ ಅದರ ಕನೆಕ್ಷನ್ ಬಿಡಂಗಿಲ್ಲ. ಒಳಗಿನದಕ್ಕ ಎರಡನೇ ಕನೆಕ್ಷನ್ ಬೇಕು. ಹಿಕಾರಿ ಪೂಲ್ ಡೀಫಾಲ್ಟ್ 10. 10 ರಿಕ್ವೆಸ್ಟ್ ಒಂದೊಂದು ಕನೆಕ್ಷನ್ ಹಿಡಕೊಂಡು ಎರಡನೇದಕ್ಕ ಕಾಯ್ಲಿಕತ್ರ ಯಾರೂ ಬಿಡಂಗಿಲ್ಲ, ಯಾರಿಗೂ ಸಿಗಂಗಿಲ್ಲ. 30 ಸೆಕೆಂಡ್ ಆದ ಮ್ಯಾಲ ಟೈಮೌಟ್. ಸಿಪಿಯು ಖಾಲಿ ಇರೋದು ಅದಕ್ಕ. ಆ ಹೊತ್ತಿನಾಗ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ನೋಡ್ರಿ, ಎಲ್ಲಾ ಸಾಲೂ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಕಾಣ್ತಾವ.

ಹಿಕಾರಿಯವರು ಕೊಟ್ಟ ಲೆಕ್ಕ ಹಿಂಗದ: ಒಟ್ಟಿಗೆ ಬರೋ ಥ್ರೆಡ್ × (ಪ್ರತಿ ಥ್ರೆಡ್‌ಗೆ ಬೇಕಾಗೋ ಕನೆಕ್ಷನ್ − 1) + 1. ಟಾಮ್‌ಕ್ಯಾಟ್ ಡೀಫಾಲ್ಟ್ 200 ಥ್ರೆಡ್, ಕನೆಕ್ಷನ್ 2. ಅಂದ್ರ ಪೂಲ್ 201 ಬೇಕು. ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್ ಕನೆಕ್ಷನ್ಸ್ ಡೀಫಾಲ್ಟೇ 100. ಪೂಲ್ ಹಿಗ್ಗಿಸೋದು ದಾರಿ ಅಲ್ಲ. ಪೂಲ್ 10 ಇಟ್ಟುಕೊಂಡ್ರ ಈ ಕೆಲಸಕ್ಕ ಒಟ್ಟಿಗೆ 9 ಥ್ರೆಡ್ ಮಾತ್ರ ಬಿಡಬಹುದು, ಸೆಮಾಫೋರ್ ಹಾಕಿ ತಡೀಬೇಕು. ಜಾವಾ 21ರ ವರ್ಚುವಲ್ ಥ್ರೆಡ್ ಚಾಲೂ ಮಾಡಿದ್ರ 200ರ ಮಿತಿನೂ ಹೋಗ್ತದ, ಇನ್ನೂ ಬೇಗ ಸಿಕ್ಕಿಬೀಳ್ತೀರಿ.

ಸ್ಪ್ರಿಂಗ್ ಬೂಟ್‌ನ ಓಪನ್ ಇನ್ ವ್ಯೂ ಸೆಟ್ಟಿಂಗ್ ಡೀಫಾಲ್ಟ್ ಟ್ರೂ ಇರ್ತದ. ಫಾಲ್ಸ್ ಮಾಡ್ರಿ. ಇಲ್ಲಂದ್ರ ಉತ್ತರ ಪೂರ್ತಿ ಹೋಗೋ ತನಕ ಸೆಷನ್, ಅದರ ಜೋಡಿ ಕನೆಕ್ಷನ್‌ನೂ, ಹಿಡಿದೇ ಇರ್ತದ.

ಆಳಂದ_ಆಸ್ಪೆಕ್ಟ್ · ಕಲಬುರಗಿ

ಕಾಕಾ, ಯಶಸ್ವಿಯಾದ ಲಾಟ್‌ಗಳ ಆಡಿಟ್‌ನ್ನ ಟ್ರಾನ್ಸಾಕ್ಷನಲ್ ಈವೆಂಟ್ ಲಿಸನರ್‌ಗೆ ಹಾಕಿ, ಫೇಸ್ ಆಫ್ಟರ್ ಕಮಿಟ್ ಮಾಡಿದ್ರ? ಕಮಿಟ್ ಆದ ಮ್ಯಾಲ ಮೊದಲನೇ ಕನೆಕ್ಷನ್ ವಾಪಸ್ ಹೋಗಿರ್ತದಲ್ಲ.

ಭೀಮಾ_ದಂಡೆ · ಯಾದಗಿರಿ

ಹೋಗಿರಂಗಿಲ್ಲ ತಮ್ಮಾ, ಅಲ್ಲೇ ಭಾಳ ಮಂದಿ ಬೀಳೋದು. ಸ್ಪ್ರಿಂಗ್ ಕಮಿಟ್ ಮಾಡ್ತದ, ಆಫ್ಟರ್ ಕಮಿಟ್ ಲಿಸನರ್‌ಗಳನ್ನ ಕರೀತದ, ಅವೆಲ್ಲಾ ಮುಗಿದ ಮ್ಯಾಲ ಕ್ಲೀನಪ್ ಮಾಡಿ ಕನೆಕ್ಷನ್ ಬಿಡ್ತದ. ಲಿಸನರ್ ಒಳಗ ಬರೀಬೇಕಂದ್ರ ರಿಕ್ವೈರ್ಸ್ ನ್ಯೂ ಬೇಕೇ ಬೇಕು (ಸ್ಪ್ರಿಂಗ್ 6.1ರಿಂದ ಲಿಸನರ್ ಮ್ಯಾಲ ಸಾದಾ ಟ್ರಾನ್ಸಾಕ್ಷನಲ್ ಹಾಕಿದ್ರ ಆ್ಯಪ್ ಏಳಂಗೇ ಇಲ್ಲ). ಮತ್ತ ಎರಡು ಕನೆಕ್ಷನ್ ಆಯ್ತು. ಅಸಿಂಕ್ ಸೇರಿಸಿದ್ರ ಪೂಲ್ ಬಚಾವ್, ಆದ್ರ ನಡುವೆ ಪ್ರೊಸೆಸ್ ಬಿದ್ರ ಆಡಿಟ್ ಗಾಯಬ್.

ಯಶಸ್ವಿ ಲಾಟ್‌ನ ಆಡಿಟ್‌ನ್ನ ಅದೇ ಟ್ರಾನ್ಸಾಕ್ಷನ್‌ನಾಗ ಬರೀರಿ, ಎರಡೂ ಕೂಡೇ ಕಮಿಟ್ ಆಗಲಿ. ಹೊರಗಿನ ಸಿಸ್ಟಮ್‌ಗೆ ಕಳಿಸೋದಿದ್ರ ಅದನ್ನೂ ಔಟ್‌ಬಾಕ್ಸ್ (ಕಳಿಸಬೇಕಾದ್ದರ ಸರದಿ) ಟೇಬಲ್‌ಗೆ ಅದೇ ಟ್ರಾನ್ಸಾಕ್ಷನ್‌ನಾಗ ಬರದು, ಬ್ಯಾರೆ ವರ್ಕರ್ ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಹಾಕಿ, ಇನ್ನೊಬ್ಬರು ಹಿಡಿದ ಸಾಲು ಬಿಟ್ಟು, ಎತ್ಕೊಳ್ಳಲಿ. ವಿಫಲವಾದದ್ದನ್ನ ಹಿಡೀಲಿಕ್ಕ ಹೊರಗಿನ ಸರ್ವಿಸ್‌ನಾಗ, ಟ್ರಾನ್ಸಾಕ್ಷನ್ ಮುಗಿದು ಎಕ್ಸೆಪ್ಶನ್ ಹೊರಗ ಬಂದ ಮ್ಯಾಲ, ಕ್ಯಾಚ್ ಮಾಡಿ ಬರೀರಿ. ಅಷ್ಟೊತ್ತಿಗೆ ಮೊದಲನೇ ಕನೆಕ್ಷನ್ ಖರೇನೂ ಪೂಲ್‌ಗೆ ಹೋಗಿರ್ತದ. ಒಂದು ಹೊತ್ತಿಗೆ ಒಂದೇ ಕನೆಕ್ಷನ್.

ಸುರಪುರ_ಡಾಟ್‌ನೆಟ್ · ಯಾದಗಿರಿ

ಬಿದ್ರಿ ಅಕ್ಕನ ದರದ ಉದಾಹರಣೆಗೆ ಒಂದು ಸೇರಿಸಬೇಕು. 2024-25ರ ತೊಗರಿಗೆ ಬೆಂಬಲ ಬೆಲೆ 7,550ರ ಮೇಲೆ ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ಪ್ರೋತ್ಸಾಹಧನ ಘೋಷಿಸಿತ್ತು, ಒಟ್ಟು 8,000. ಮುಂದಿನ ಹಂಗಾಮಿನ ಬೆಂಬಲ ಬೆಲೆಯೇ 8,000. ಒಟ್ಟು ಮೊತ್ತವನ್ನಷ್ಟೇ ಹೋಲಿಸುವ ಟೆಸ್ಟ್‌ಗೆ ಹಳೇ ಲಾಟ್ ಹೊಸ ದರದಲ್ಲಿ ಲೆಕ್ಕವಾಗಿದ್ದು ಗೊತ್ತೇ ಆಗುವುದಿಲ್ಲ. ಪ್ರೋತ್ಸಾಹಧನ ಕಾಲಂನಲ್ಲಿದ್ದು ಬೆಂಬಲ ಬೆಲೆ ಸೇವೆಯಿಂದ ಬಂದರೆ ಅದೇ 18 ಕ್ವಿಂಟಲ್ 1,52,100 ಆಗುತ್ತದೆ. ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ, ಟೆಸ್ಟ್‌ನಲ್ಲೂ ಬೇರೆ ಬೇರೆ ನೋಡಿ.

ಬಿದ್ರಿ_ಬ್ಯಾಕೆಂಡ್ · ಬೀದರ್

ಸರಿಯಾದ ಮಾತು. ಟೆಸ್ಟ್ ಅಂದಮೇಲೆ: ಡೇಟಾ ಜೆಪಿಎ ಟೆಸ್ಟ್ ಪ್ರತಿ ಟೆಸ್ಟನ್ನೂ ಟ್ರಾನ್ಸಾಕ್ಷನ್‌ನಲ್ಲಿ ಸುತ್ತಿ ಕೊನೆಗೆ ರೋಲ್‌ಬ್ಯಾಕ್ ಮಾಡುತ್ತದೆ. ಸೇವ್ ಮಾಡಿ ಅಲ್ಲೇ ಫೈಂಡ್‌ಬೈಐಡಿ ಮಾಡಿದರೆ ಸೆಷನ್‌ನಲ್ಲಿರುವ ಅದೇ ಆಬ್ಜೆಕ್ಟ್ ಸಿಗುತ್ತದೆ, ನೀವು ಸೆಟ್ಟರ್‌ನಿಂದ ಕೊಟ್ಟ ಸರ್ವಿಸೂ ಅದರಲ್ಲಿ ಹಾಗೇ ಇರುತ್ತದೆ. ನಲ್ ಟೆಸ್ಟ್‌ನಲ್ಲಿ ಸಿಗದೆ ಪ್ರೊಡಕ್ಷನ್‌ನಲ್ಲಿ ಸಿಗುವುದು ಹೀಗೆ. ಸೇವ್ ಆದ ಮೇಲೆ ಫ್ಲಶ್, ಆಮೇಲೆ ಕ್ಲಿಯರ್, ಆಮೇಲೆ ಓದಿ.

ಶಹಾಬಾದ್_ಕಲ್ಲು · ಕಲಬುರಗಿ

ರಿಕ್ವೈರ್ಸ್ ನ್ಯೂ ತಗದೀವಿ, ಕಾಕಾ ಹೇಳಿದಂಗ ಮಾಡಿದ ಮ್ಯಾಲ ಟೈಮೌಟ್ ನಿಂತಾವ. ಈಗ ದರದ ಕಾಲಂ ಸೇರಿಸಬೇಕು. ಟೇಬಲ್ ದೊಡ್ಡದದ, ಕೇಂದ್ರ ಚಾಲೂ ಇದ್ದಾಗ್ಲೇ ಮಾಡಬೇಕಾಗ್ತದ. ಹ್ಯಾಂಗ ಮಾಡೋದು?

ಭೀಮಾ_ದಂಡೆ · ಯಾದಗಿರಿ

ಲಾಕ್ ಟೈಮೌಟ್ 5 ಸೆಕೆಂಡ್ ಇಟ್ಟು ಶುರು ಮಾಡ್ರಿ, ಲಾಕ್ ಸಿಗಲಿಲ್ಲಂದ್ರ ಬಿಟ್ಟು ಮತ್ತ ಪ್ರಯತ್ನ ಮಾಡಬೇಕು. ‘ಬೆಂಬಲ_ಬೆಲೆ’, ‘ಪ್ರೋತ್ಸಾಹಧನ’ ಎರಡು ಕಾಲಂ, ನ್ಯೂಮರಿಕ್(10,2), ಸದ್ಯ ನಲ್ ನಡೀತದ ಅಂತ ಸೇರಿಸ್ರಿ. ಕ್ಷಣದಾಗ ಆಗ್ತದ. ಹೊಸ ಲಾಟ್‌ಗೆ ದರ ಬರೆಯೋ ಕೋಡ್ ಮೊದಲು ಹೋಗ್ಲಿ, ಹಳೇ ಸಾಲು ತುಂಬೋದು ಆಮ್ಯಾಲ. ಐಡಿ ಹಿಡಿದು 5,000 ಸಾಲಿಗೊಮ್ಮೆ ಅಪ್‌ಡೇಟ್, ಪ್ರತಿ ಸಲ ಕಮಿಟ್. ದರ ಆರಿಸುವಾಗ ಹಣಕಾಸು ವರ್ಷ ನೋಡಬ್ಯಾಡ್ರಿ, ಹಂಗಾಮು ನೋಡ್ರಿ. 2025ರ ಏಪ್ರಿಲ್‌ನಾಗ ತಗೊಂಡ ತೊಗರಿ 2024-25ರ ಹಂಗಾಮಿಂದೇ, 7,550 ಮತ್ತು 450.

ತುಂಬಿದ ಮ್ಯಾಲ ನೇರ ನಾಟ್ ನಲ್ ಹಾಕಿದ್ರ ಇಡೀ ಟೇಬಲ್ ಓದೋ ತನಕ ಲಾಕ್ ಬೀಳ್ತದ. ಅದರ ಬದಲು ‘ನಲ್ ಇರಬಾರದು’ ಅಂತ ಚೆಕ್ ಕನ್‌ಸ್ಟ್ರೇಂಟ್‌ನ್ನ ನಾಟ್ ವ್ಯಾಲಿಡ್ ಅಂತ ಸೇರಿಸಿ, ಬ್ಯಾರೆ ಟ್ರಾನ್ಸಾಕ್ಷನ್‌ನಾಗ ವ್ಯಾಲಿಡೇಟ್ ಮಾಡ್ರಿ. ಆಗ ಓದೋದು, ಬರಿಯೋದು ನಡೀತಾನೇ ಇರ್ತದ. ಪೋಸ್ಟ್‌ಗ್ರೆಸ್ 12ರಿಂದ ನಾಟ್ ನಲ್ ಹಾಕುವಾಗ ಆ ಚೆಕ್‌ನ್ನೇ ನಂಬಿ ಟೇಬಲ್ ಮತ್ತ ಓದಂಗಿಲ್ಲ. ನಾಟ್ ನಲ್ ಬಿದ್ದ ಮ್ಯಾಲ ಚೆಕ್ ತಗದುಬಿಡ್ರಿ, ಎಂಟಿಟಿಯಾಗ ಅಪ್‌ಡೇಟೆಬಲ್ ಫಾಲ್ಸ್ ಹಾಕಿ ಡಿಪ್ಲಾಯ್ ಮಾಡ್ರಿ.